ತುಂಡಾಗದ ಮಾತೃಕೆ

ಕೊರ್ದೋಬಾ
9 ಆಗಸ್ಟ್ 2019

ಪ್ರೀತಿಯ ಎರ್ಸಿಲಿಯಾ,

ಹತ್ತೊಂಬತ್ತು ವರ್ಷದ ಮೇಲೆ ನನ್ನ ಅಕ್ಷರ ಕಂಡು ನೀನು ಲಕೋಟೆಯನ್ನೇ ಒಡೆಯದಿದ್ದರೂ ನಾನು ಬೇಸರಪಡುವ ಹಾಗಿಲ್ಲ. ವಿಲ್ಲಾ ದೊಲೊರೆಸ್‌ನ ಶಾಲೆಯಲ್ಲಿ ಇನ್ನೂ ಗಣಿತ ಹೇಳಿಕೊಡುತ್ತಿದ್ದೀ ಎಂದು ನಿನ್ನ ತಂಗಿ ಹೇಳಿದಳು. ವಿಳಾಸವನ್ನೂ ಅವಳೇ ಕೊಟ್ಟಳು, ಸ್ವಲ್ಪ ಅನುಮಾನಿಸಿ.

ಹತ್ತೊಂಬತ್ತು ವರ್ಷದ ಹಿಂದಿನ ಆ ಚಳಿಗಾಲ ನಾವಿಬ್ಬರೂ ಗಣಿತ ವಿಭಾಗದ ಮೂಲೆಯ ಕೋಣೆಯಲ್ಲಿ ಡಾಕ್ಟರೇಟಿಗೆಂದು ಒದ್ದಾಡುತ್ತಿದ್ದೆವು. ನಮ್ಮ ವಿಷಯ, ಬಿಡಿ ಸಂಖ್ಯೆಗಳ ಜಾಗದಲ್ಲಿ ಅಂಕಿಗಳ ಚೌಕಗಳಾದ ಮಾತೃಕೆಗಳೇ ಕೂತಿರುವ ಬಹುಪದೋಕ್ತಿಗಳು. ಒಂದಕ್ಕೊಂದು ಲಂಬವಾಗಿರಬೇಕು, ಎಲ್ಲವೂ ಒಂದೇ ಎರಡನೇ ದರ್ಜೆಯ ಅವಕಲ ಸಮೀಕರಣಕ್ಕೆ ಒಗ್ಗಬೇಕು. ಹಳೆಯವುಗಳಾಗಿ ತುಂಡಾಗದ ಅಂಥ ಹೊಸ ಉದಾಹರಣೆ ಒಂದು ಸಿಕ್ಕಿದ್ದರೆ ಸಾಕಿತ್ತು. ಸಿಕ್ಕಿದ್ದು ನಿನಗೆ. ಹನ್ನೊಂದು ಹಾಳೆ ತಂದು ನನ್ನ ಮುಂದಿಟ್ಟು, "ತಪ್ಪು ಹುಡುಕೇ, ಕಡ್ಡಿ. ಸಿಗ್ಲಿಲ್ಲ ಅಂದ್ರೆ ತಿನ್ನೋಕೆ ಬಿಸಿ ಎಂಪನಾದಾ ನೀನೇ ಕೊಡಿಸ್ಬೇಕು," ಅಂದಿದ್ದೆ.

ಎರಡು ದಿನ ಬಿಟ್ಟು ನಾನು ಹೇಳಿದೆ: "ಇದು ತುಂಡಾಗತ್ತೆ ಕಣೇ. ಎರಡು ಹಳೇದನ್ನ ಒಟ್ಟಿಗೆ ಕಟ್ಟಿಟ್ಟಿದ್ದೀಯ, ಅಷ್ಟೆ."

ನೀನು ವಾದ ಮಾಡಲಿಲ್ಲ. "ನೀನು ನೋಡಿದ್ಮೇಲೆ ಇನ್ನೇನಿದೆ," ಎಂದು ಮಾಟೆ ಸೊಪ್ಪಿನ ಚಹಾ ಕುಡಿಯುವ ಬುರುಡೆಗೆ ಬಿಸಿನೀರು ತುಂಬಿ ನನ್ನ ಕಡೆ ಚಾಚಿದೆ. ಹಾಳೆಗಳನ್ನು ನನ್ನಲ್ಲೇ ಬಿಟ್ಟೆ. ಸಂಶೋಧನೆಗೆಂದು ಸಾಗರದಾಚೆಯ ಸೆವಿಲ್ಲಾಕ್ಕೆ ಹೋಗುವ ಒಂದೇ ಒಂದು ಫೆಲೋಶಿಪ್ ಆ ವರ್ಷ ನನಗೆ ಬಂತು. ಮರುವರ್ಷ ನೀನು ಸಂಶೋಧನೆಯನ್ನೇ ಬಿಟ್ಟೆ.

ಈ ಮಾರ್ಚಿನಲ್ಲಿ ಕಪಾಟು ಖಾಲಿ ಮಾಡುವಾಗ ಆ ಹಾಳೆಗಳು ಕೈಗೆ ಬಂದವು. ನಿನ್ನ ಉದಾಹರಣೆಯನ್ನು ತುಂಡುಮಾಡಲು ನಾನು ಬಳಸಿದ ಮಾತೃಕೆ ಸ್ಥಿರವಾಗಿರಬೇಕಿತ್ತು. ಅದರೊಳಗೆ ಚರಾಕ್ಷರ ಕೂತಿತ್ತು. ಒಂದೊಂದು ಬಿಂದುವಿನಲ್ಲಿ ಬೇರೆ ಬೇರೆಯಾಗಿ ಬಿಡಿಸಬಹುದೇ ಹೊರತು ಎಲ್ಲ ಕಡೆ ಒಂದೇ ಮಾತೃಕೆಯಿಂದ ಆಗದು. ನಿನ್ನದು ಸರಿಯಿತ್ತು. ಕೆಲವು ವರ್ಷಗಳ ನಂತರ ಅಂಥದ್ದನ್ನೇ ಬೇರೆಯವರು ಕಂಡುಹಿಡಿದು ಪ್ರಕಟಿಸಿದರು.

ಕಳೆದ ಮಂಗಳವಾರ ವಿಭಾಗದ ಸೆಮಿನಾರಿನಲ್ಲಿ ಎಲ್ಲವನ್ನೂ ಬೋರ್ಡಿನ ಮೇಲೆ ಬಿಡಿಸಿ, ಮೊದಲು ಕಂಡವಳು ನೀನು ಎಂದೆ. ಹಿಂದಿನ ಸಾಲಿನಿಂದ ಒಬ್ಬಳು, "ಅವ್ರು ಈಗ ಎಲ್ಲಿದಾರೆ? ನಿಮಗೇನಾಗ್ಬೇಕು?" ಎಂದು ಕೇಳಿದಳು. ಗೆಳತಿ ಎನ್ನಲು ಬಾಯಿ ಬರಲಿಲ್ಲ. ಒಟ್ಟಿಗೆ ಓದಿದವರು ಎಂದು ಹೇಳಿ ಬೋರ್ಡು ಒರೆಸಿದೆ.

ಹಾಳೆಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಅವು ನಿನ್ನವು.

ನಿನ್ನ,
ನೆಲಿದಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಮಾರ್ಚಿನಲ್ಲಿ ಎಂದದ್ದು ಸುಳ್ಳು. ನನ್ನ ತಪ್ಪು ನನಗೆ ಕಂಡದ್ದು ನಿನಗೆ ಹೇಳಿದ ಮಾರನೆಯ ಬೆಳಿಗ್ಗೆಯೇ. ಫೆಲೋಶಿಪ್ಪಿಗೆ ಅರ್ಜಿ ಹಾಕಲು ಇನ್ನೂ ನಾಲ್ಕು ದಿನವಿತ್ತು; ಆ ಹಾಳೆಗಳು ಸರಿಯೆಂದು ಗೊತ್ತಾದರೆ ಅದು ನಿನಗೇ. ನೀನು ಅರ್ಜಿ ಹಾಕುವುದಿಲ್ಲವೆಂದು ಖಚಿತವಾಗುವವರೆಗೆ ನಾನು ಕೋಣೆಗೆ ಬರಲಿಲ್ಲ. ಜ್ವರ ಎಂದು ಹೇಳಿಕಳಿಸಿದ್ದೆ. ನೀನು ಸಾರು ಮಾಡಿಕೊಂಡು ಬಂದೆ.