ತುಟಿ ಮಾತಿನ ಮನೆ

ವಸಂತದ ರಜೆ, ಸಂಜೆ

ಪ್ರೀತಿಯ ಅಕ್ಕ,

ಮೊದಲು ನನ್ನನ್ನು ಬೈದುಬಿಡು, ಆಮೇಲೆ ಓದು. ಪುಟ್ಟ ಲಾಳಿಗೆ ನೆಗಡಿಯೂ ಇಲ್ಲ, ಜ್ವರವೂ ಇಲ್ಲ. ಮಗುವಿನ ಮೊದಲ ವಸಂತದ ರಜೆಗೆಂದು ನೀನು ಹೊರಟು ನಿಂತಾಗ “ಬರಬೇಡ, ಅಂಟು ನೆಗಡಿ” ಎಂದು ಹೇಳಿ ಕಳಿಸಿದ್ದು ಶುದ್ಧ ಸುಳ್ಳು. ಮಕ್ಕಳ ವಾರ್ಡಿನ ನರ್ಸಾದ ನಿನಗೇ ನೆಗಡಿಯ ಹೆದರಿಕೆ ತೋರಿಸಿದ ಮೂರ್ಖಳು ನಾನೊಬ್ಬಳೇ ಇರಬೇಕು. ನಾನು ಹೆದರಿದ್ದು ನಿನಗೆ. ನೀನು ಮಗುವನ್ನು ಎತ್ತಿಕೊಂಡು ಕಿವಿಯ ಪಕ್ಕ ಒಂದು ಚಿಟಿಕೆ ಹೊಡೆದಿದ್ದರೆ ಮುಗಿಯಿತು, ನಿನಗೆ ಎಲ್ಲವೂ ಗೊತ್ತಾಗಿಬಿಡುತ್ತಿತ್ತು.

ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಲಾಳಿಗೆ ಕಿವಿ ಕೇಳಿಸುವುದಿಲ್ಲ ಎಂದು ನಾನು ನಂಬಿದ್ದೆ.

ಮುಖದ ಮುಂದೆ ನಿಂತರೆ ನಗುತ್ತಾಳೆ, ನನ್ನ ತುಟಿಗಳನ್ನೇ ಕಣ್ಣಲ್ಲಿ ನುಂಗುತ್ತಾಳೆ. ಬೆನ್ನ ಹಿಂದೆ ನಿಂತು ಕರೆದರೆ ತನ್ನ ಪಾಡಿಗೆ ಕಾಲ್ಬೆರಳು ಚೀಪುತ್ತಿರುತ್ತಾಳೆ. ಅಳುವುದೂ ಕಡಿಮೆ, ಬಾಯಿ ತೆರೆದಷ್ಟು ಸದ್ದು ಬರುವುದಿಲ್ಲ. ಫಿಟ್ಟರ್ ಸಾಹೇಬರಿಗೆ ಹೇಳಿದರೆ (ಮಗ್ಗ ರಿಪೇರಿ ಮಾಡುವ ಕೈಯಿಂದ ಸಂಸಾರವನ್ನೂ ರಿಪೇರಿ ಮಾಡುತ್ತೇನೆಂದು ನನ್ನನ್ನು ಕಟ್ಟಿಕೊಂಡ ಮನುಷ್ಯ), “ಗಿರಣಿ ಗೋಡೆಗೆ ಅಂಟ್ಕೊಂಡಿರೋ ಮನೇಲಿ ಯಾರಿಗೆ ಏನು ಕೇಳ್ಸುತ್ತೆ, ಬಿಡೇ. ಮಗುಗೆ ಏನೂ ಆಗಿಲ್ಲ” ಎಂದು ಮುಖ ತಿರುಗಿಸಿದ. ತಟ್ಟೆ ಬೀಳಿಸಿ ಪರೀಕ್ಷೆ ಮಾಡುವ ಧೈರ್ಯ ನನಗೆ ಬರಲಿಲ್ಲ. ಅವಳು ಬೆಚ್ಚದಿದ್ದರೆ ಅನುಮಾನ ಹೋಗಿ ಸತ್ಯವೇ ಉಳಿಯುತ್ತದಲ್ಲ.

ಬಸುರಿಯಾಗಿದ್ದಾಗ ನಾನು ಬರೆದು ಹಂಚಿದ ಕರಪತ್ರ ನಿನಗೆ ನೆನಪಿರಬೇಕು. ಮಗ್ಗದ ಸದ್ದು ಗರ್ಭದೊಳಕ್ಕೂ ಇಳಿಯುತ್ತದೆ, ಬಸುರಿಯರಿಗೆಲ್ಲ ಗೋದಾಮಿನ ಕೆಲಸ ಕೊಡಿ ಎಂದು. ಮ್ಯಾನೇಜರು ಅದನ್ನು ಮಡಿಚಿ ಗಾಳಿ ಬೀಸಿಕೊಳ್ಳುತ್ತ, “ಬೇಕಿದ್ರೆ ನೀನೊಬ್ಳು ಗೋದಾಮಿಗೆ ಹೋಗಮ್ಮ, ಯಾರು ಬೇಡ ಅಂದ್ರು?” ಎಂದರು. ನನಗೊಬ್ಬಳಿಗೆ ಬೇಡ, ಕೊಟ್ಟರೆ ಎಲ್ಲರಿಗೂ ಕೊಡಿ ಎಂದೆ. ಹೆಂಗಸರು ಚಪ್ಪಾಳೆ ತಟ್ಟಿದರು. ತುಂಬಿದ ಹೊಟ್ಟೆ ಹೊತ್ತು ಮಗ್ಗಗಳ ನಡುವೆಯೇ ನಿಂತೆ. ಆ ಚಪ್ಪಾಳೆಗೆ ಮಗಳ ಕಿವಿಯನ್ನು ತೆತ್ತೆನೇ ಎಂದು ಇಷ್ಟು ಕಾಲ ಒಳಗೊಳಗೇ ನಡುಗಿದ್ದೇನೆ. ಇನ್ನೂ ಹೆದರಿಸುವ ಸಂಗತಿಯೆಂದರೆ, ಆ ಮಾತು ಆಡಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಗಿರಣಿ ಪೂರ್ತಿ ನಿಲ್ಲುವುದು ವಸಂತದ ರಜೆಯಲ್ಲಿ ಮಾತ್ರ, ಬಾಯ್ಲರ್ ತೊಳೆಯುವುದಕ್ಕೆ. ಗಿರಣಿಯ ಸದ್ದಿನ ನೆಪ ಇಲ್ಲದ ದಿನ ಅದೊಂದೇ. ಹಾಗಾಗಿ ಇವತ್ತು ಬರುವುದನ್ನು ಒಂದು ಕಣ್ಣಿನಿಂದ ಕಾಯುತ್ತಿದ್ದೆ, ಇನ್ನೊಂದರಿಂದ ಬರದಿರಲಿ ಎನ್ನುತ್ತಿದ್ದೆ. ಬೆಳಿಗ್ಗೆ ಕಾಲು ಕೆಳಗಿಟ್ಟಾಗ ನೆಲ ಅದುರಲಿಲ್ಲ. ಗಿರಣಿ ನಿಂತಿದೆ ಎಂದು ನನ್ನ ಪಾದಕ್ಕೆ ಮೊದಲು ತಿಳಿಯಿತು.

ಫಿಟ್ಟರ್ ಆಗಲೇ ಎದ್ದು, ನೂಲಿನ ಉಂಡೆಗಳಿಗೆ ಸುತ್ತಿ ಬರುವ ಬಣ್ಣದ ಕಾಗದವನ್ನು ಸರಪಳಿ ಮಾಡಿ ಬಾಗಿಲಿಗೆ ಕಟ್ಟಿದ್ದ. ಹತ್ತಿಯ ಧೂಳಿಗೆ ಹೆದರಿ ಎಂದೂ ತೆರೆಯದ ಕಿಟಕಿ ತೆರೆದಿತ್ತು. ಅಲ್ಲಿಂದ ಬಿದ್ದ ಬಿಸಿಲಲ್ಲಿ ಚಾಪೆ ಹಾಸಿ ಲಾಳಿಯನ್ನು ಕೂರಿಸಿದೆವು. ಹಳದಿ ಫ್ರಾಕು ಹೊಲಿದು ತಂದವಳು ಪಕ್ಕದ ಮನೆಯ ಕಹಳೆ ಅಜ್ಜಿ. ಗಿರಣಿಯಲ್ಲಿ ನೂಲು ಸುತ್ತಿ ನಿವೃತ್ತಳಾದವಳು; ಆ ಗಂಟಲಿಗೆ ಬೇರೆ ಹೆಸರು ಹೊಂದುವುದಿಲ್ಲ. ನಾನು ಕೆಲಸಕ್ಕೆ ಹೋದಾಗ ಮಗು ಅವಳ ಮಡಿಲಲ್ಲೇ.

ಬಣ್ಣದ ಕಾಗದ ನೋಡಿದ್ದೇ ತಡ, ಶುರುಮಾಡಿದಳು. “ಮಾಲೀಕ ಎಸೆದ ರಜೆ ನಾನು ಮೂಸೋದಿಲ್ಲ ಅಂತಿದ್ದೆಯಲ್ಲೇ ಹೋದ ವರ್ಷ? ಏನೋ ಫಿಟ್ಟರ್, ನಿನ್ನ ಹೆಂಡ್ತಿ ಕ್ರಾಂತಿ ಎಲ್ಲಿಗಪ್ಪಾ ಹೋಯ್ತು?”

“ತೊಟ್ಟಿಲಲ್ಲಿ ಮಲಗಿದೆ ಅಜ್ಜಿ, ಎಬ್ಬಿಸ್ಬೇಡಿ” ಎಂದು ಅವನು ಹಾಲು ಕಾಯಿಸಲು ಹೋದ.

ನನಗೆ ನಗು ಬರಲಿಲ್ಲ. ಲಾಳಿಯ ಬೆನ್ನ ಹಿಂದೆ ಹೋಗಿ ನಿಂತು ಕರೆದೆ. ತಿರುಗಲಿಲ್ಲ. ಇನ್ನೊಂದು ಸಲ ಕರೆದೆ. ಕಾಗದದ ಚೂರೊಂದನ್ನು ಹಿಡಿದು ಅದನ್ನೇ ನೋಡುತ್ತಿದ್ದಳು. ಅಲ್ಲೇ ಗೋಡೆಗೊರಗಿ ಕುಸಿದೆ, ಮುಚ್ಚಿಟ್ಟದ್ದನ್ನೆಲ್ಲ ಅಜ್ಜಿಯ ಮುಂದೆ ಸುರಿದೆ.

“ಕಿವುಡಾ? ನಾನು ಕೆಮ್ಮಿದ್ರೆ ಬೆಚ್ಚಿಬೀಳುತ್ತಲ್ಲೇ ಅದು! ನೀನು ಯಾವಾಗ ಕರೆದೆ?”

ಈಗಲೇ, ಎರಡು ಸಲ ಎಂದೆ.

“ಹುಚ್ಚಿ, ನಾನು ಇಲ್ಲೇ ಕೂತಿದ್ದೀನಿ. ನೀನು ಬಾಯಿ ಆಡಿಸಿದೆ ಅಷ್ಟೇ. ಗಂಟಲಿಂದ ಉಸಿರೂ ಬರ್ಲಿಲ್ಲ.”

ಮಗ್ಗದ ಮನೆಯಲ್ಲಿ ನಾವು ಗಂಟಲು ಬಳಸುವುದಿಲ್ಲ ಎಂದು ನಿನಗೆ ಹೇಳಿದ್ದೇನಲ್ಲ. ಆ ಸದ್ದಿನಲ್ಲಿ ಕೂಗಿ ಏನು ಪ್ರಯೋಜನ? ತುಟಿ ಅಗಲಿಸಿ ಆಡುತ್ತೇವೆ, ಎದುರಿನವಳು ಓದಿಕೊಳ್ಳುತ್ತಾಳೆ. ಮ್ಯಾನೇಜರನ್ನು ಅವರ ಬೆನ್ನ ಹಿಂದೆಯೇ ನಿಂತು ಬೈಯಬಹುದು. ನಮಗೆ ಸಿಕ್ಕಿರುವ ವಾಕ್‌ಸ್ವಾತಂತ್ರ್ಯ ಅಷ್ಟೇ. ಆ ತುಟಿ ಮಾತು ಯಾವಾಗಲೋ ಮನೆಯೊಳಗೂ ಬಂದುಬಿಟ್ಟಿತ್ತು. ನಾನೂ ಫಿಟ್ಟರೂ ಊಟಕ್ಕೆ ಕೂತರೂ ತುಟಿಯಲ್ಲೇ ಮಾತು. ಹೆತ್ತ ಮಗಳನ್ನೂ ತುಟಿಯಲ್ಲೇ ಕರೆದಿದ್ದೇನೆ, ಅದೂ ಅವಳ ಬೆನ್ನ ಹಿಂದೆ ನಿಂತು!

“ಮೂಕಾಭಿನಯ ಮಾಡ್ಕೊಂಡು ಮಗು ಕಿವುಡು ಅಂತಾಳಲ್ಲಪ್ಪ ಇವಳು! ಗಂಟಲು ಬಿಚ್ಚಿ ಕೂಗೇ” ಎಂದಳು ಅಜ್ಜಿ. ಕುತ್ತಿಗೆಯ ಮೇಲೆ ಕೈಯಿಟ್ಟು, ಅದು ನಡುಗುವವರೆಗೂ ಕೂಗಿದೆ. ಅಜ್ಜಿ ಕಿವಿ ಮುಚ್ಚಿಕೊಂಡು, “ಸಾಕು ತಾಯಿ, ಬಾಯ್ಲರ್ ತೊಳೆಯೋರೂ ಓಡಿ ಬರ್ತಾರೆ!” ಎಂದಳು. ಕಹಳೆಯನ್ನೇ ಹೆದರಿಸಿದೆ ನೋಡು.

ಲಾಳಿ ತಿರುಗಿದಳು ಅಕ್ಕ. ಇಡೀ ಮೈ ತಿರುಗಿಸಿ ನನ್ನನ್ನು ನೋಡಿ, ತುಟಿ ಸೊಟ್ಟ ಮಾಡಿ, ಹೆದರಿ ಅತ್ತಳು. ನಾನು ನಗುತ್ತ ಅಳುತ್ತ ಅವಳನ್ನು ಅಪ್ಪಿಕೊಂಡೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಫಿಟ್ಟರ್ ಮಾತ್ರ ನಗಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ನನ್ನನ್ನೇ ನೋಡುತ್ತ ನಿಂತಿದ್ದ. ಸಂತೋಷಕ್ಕೆ ಹಾಗಾಗಿರಬೇಕು.

ಆಮೇಲೆ ನಮ್ಮ ಮನೆಯಲ್ಲಿ ನಿಜವಾಗಿ ರಜೆ ನಡೆಯಿತು. ಲಾಳಿ ಜೀವನದಲ್ಲಿ ಮೊದಲ ಸಲ ಸಿಹಿ ನೆಕ್ಕಿದಳು, ಫ್ರಾಕಿಗೂ ತಿನ್ನಿಸಿದಳು. ನಾಳೆಯಿಂದ ಈ ಮನೆಯಲ್ಲಿ ತುಟಿ ಮಾತು ನಿಷೇಧ ಎಂದು ನಾನು ಘೋಷಿಸಿದ್ದೇನೆ. ಬಸುರಿಯರ ಕರಪತ್ರವನ್ನು ಮತ್ತೆ ಬರೆಯುತ್ತೇನೆ. ಇನ್ನು ನೀನು ಗಾಬರಿಯಿಂದ ಓಡಿಬರಬೇಕಿಲ್ಲ. ಈ ಬೇಸಿಗೆ ಕಳೆದ ಮೇಲೆ ನಾವೇ ಬರುತ್ತೇವೆ, ಆಗ ಎಷ್ಟು ಬೇಕಾದರೂ ಚಿಟಿಕೆ ಹೊಡೆ.

ನಿನ್ನ ತಂಗಿ,
ನೀನು ಕರೆಯುವ ಹಾಗೆ, ‘ಕರಪತ್ರ’

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯಬೇಕಾಗಿದೆ. ಮೇಲಿನದನ್ನೆಲ್ಲ ಬರೆಯುವಾಗ ಲಾಳಿ ನನ್ನ ಬೆನ್ನ ಹಿಂದೆ ಚಾಪೆಯ ಮೇಲೆ ಮಲಗಿದ್ದಳು. ಹೊರಗೆ ಹೋಗಿದ್ದ ಫಿಟ್ಟರ್ ಬೀದಿಯ ತುದಿಯಿಂದ ಓಡಿಬಂದು ಅವಳನ್ನು ಎತ್ತಿಕೊಂಡ. ಅವನ ನೆರಳು ಈ ಕಾಗದದ ಮೇಲೆ ಬಿದ್ದಾಗಲೇ ನಾನು ತಿರುಗಿದ್ದು. ಲಾಳಿಯ ಮುಖ ಕೆಂಪಾಗಿತ್ತು, ಅತ್ತೂ ಅತ್ತೂ ಬಿಕ್ಕುತ್ತಿದ್ದಳು. ಬೀದಿಯ ತುದಿಗೆ ಕೇಳಿಸಿದೆ ಅಕ್ಕ, ಇಲ್ಲೇ ಕೂತಿದ್ದ ನನಗೆ ಕೇಳಿಸಿಲ್ಲ. ಗಿರಣಿ ಇವತ್ತು ನಿಂತಿದೆ.

ಯಾವಾಗಿನಿಂದ ಗೊತ್ತು ಎಂದು ಅವನನ್ನು ಕೇಳಿದೆ. ನಾನು ಬಾಣಂತನ ಮುಗಿಸಿ ಮಗ್ಗಕ್ಕೆ ಮರಳಿದ ಮೇಲೆ ಎಂದ. ಮನೆಯಲ್ಲಿ ತುಟಿ ಮಾತು ಶುರುಮಾಡಿದ್ದೂ ಅವನೇ, ನನಗೆ ಗೊತ್ತಾಗದಿರಲಿ ಎಂದು. “ಹೇಳೋಕೆ ಧೈರ್ಯ ಬರ್ಲಿಲ್ಲ ಕಣೇ” ಎಂದದ್ದನ್ನು ತುಟಿಯಲ್ಲಿ ಓದಿಕೊಂಡೆ. ಅದಕ್ಕೆ ಧ್ವನಿ ಇತ್ತೋ ಇಲ್ಲವೋ ತಿಳಿಯಲಿಲ್ಲ.

ನಾಳೆ ಅವನು ರಾತ್ರಿ ಪಾಳಿಗೆ ಹೋದರೆ ಮನೆಯಲ್ಲಿ ಲಾಳಿಯ ಜೊತೆ ನಾನೊಬ್ಬಳೇ. ಬಾ ಅಕ್ಕ. ಬಾಗಿಲು ತಟ್ಟುತ್ತ ನಿಲ್ಲಬೇಡ, ಅಗುಳಿ ಹಾಕಿರುವುದಿಲ್ಲ.