ಕಿವಿ ಮುಟ್ಟಿ ಹೇಳಿದ ಹೆಸರು

೧೨ ಜನವರಿ ೧೯೯೭, ರವಿವಾರ

ಕ್ಯಾಂಪ್ ಬಡಾವಣೆಯ ಸಂಗೀತ ಕಾರ್ಯಕ್ರಮದಲ್ಲಿ ಇವತ್ತು ನನ್ನ ಶಿಷ್ಯೆ ದೀಪಾಲಿ ತಬಲಾ ನುಡಿಸಿದಳು. ಕೊನೆಗೆ ನುಡಿಸಿದ್ದು ನಾನೇ ಕಟ್ಟಿದ ರಚನೆ. ಆದರೆ ಶುರು ಮಾಡುವ ಮೊದಲು ಭಕ್ತಿಯಿಂದ ಕಿವಿ ಮುಟ್ಟಿಕೊಂಡು, ನನ್ನ ಗುರುಗಳ ಹೆಸರು ಹೇಳಿ, ಇದು ಅವರದು ಎಂದಳು. ಕಲಿಸುವಾಗ ನನ್ನದೆನ್ನಲು ಸಂಕೋಚಪಟ್ಟಿದ್ದೆ. ಅವಳು ಹಳೆಯದೆಂದೇ ತಿಳಿದಿದ್ದಾಳೆ.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ತಲೆದೂಗಿ, “ಹಿಂಗ ಈಗ ಯಾರು ಕಟ್ತಾರ್ರಿ?” ಎಂದರು. ಹೌದ್ರಿ ಎಂದೆ. ಗುರುಗಳ ಹೆಸರಿಗೆ ಬಿದ್ದ ಚಪ್ಪಾಳೆಯನ್ನು ನನ್ನದೆಂದು ಕೇಳುವುದು ಹೇಗೆ? ಹೊಟ್ಟೆ ಮಾತ್ರ ಉರಿಯುತ್ತಿತ್ತು.

ವಾಪಸು ಬರುವಾಗ ರಿಕ್ಷಾದಲ್ಲಿ ಹೆಂಡತಿ ಕಲ್ಲವ್ವ ತಾನಾಗಿಯೇ ಅಂದಳು: “ದೀಪಾಲಿ ಕೊನಿಗೆ ಬಾರಿಸಿದ್ದು ನಾವು ಮೊದಲಿದ್ದ ಭೋಸರಿ ಮನಿ ಹಿಂದಿನ ಕಾರ್ಖಾನಿ ಮಶೀನಿನ ಸಪ್ಪಳ ಅಲ್ಲೇನ್ರಿ? ಆ ಸಪ್ಪಳಕ್ಕ ನಮ್ಮ ಕೂಸು ಎದ್ದು ಅಳತಿತ್ತು. ನೀವು ಅದೇ ತಾಳದಾಗ ಬೆನ್ನು ತಟ್ಟಿ ಮಲಗಸ್ತಿದ್ರಿ.”

ಅದು ನನ್ನದೆಂದು ನಾಳೆಯೇ ದೀಪಾಲಿಗೆ ಹೇಳಿಬಿಡಬೇಕೆಂದಿದ್ದೆ. ಕಲ್ಲವ್ವನ ಮಾತು ಕೇಳಿದ ಮೇಲೆ ಈಗ ಅವಸರವೆನಿಸುತ್ತಿಲ್ಲ.