ನೀವು ನಿಲ್ಲಿಸಿದ ಜಾಗಗಳು

ಗದಗ, ಆಷಾಢದ ಮೂವತ್ತೊಂಬತ್ತನೆಯ ದಿನ, 2168

ದಾಕ್ಷಾಯಣಿ ಅವರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಮಳೆಗಾಲ ವರ್ಷವರ್ಷಕ್ಕೂ ತಡವಾಗುತ್ತಾ ಹೋದಾಗ ನಮ್ಮ ಹಿರಿಯರು ಆಷಾಢಕ್ಕೆ ಒಂಬತ್ತು ದಿನ ಹೆಚ್ಚಿಗೆ ಸೇರಿಸಿದರು. ಯಾವ ವರ್ಷಕ್ಕೂ ಸೇರದ ಈ ದಿನಗಳಲ್ಲಿ ತೀರಿಹೋದವರಿಗೆ ಕಾಗದ ಬರೆಯುವುದು ನಮ್ಮಲ್ಲಿ ರೂಢಿ. ಅದಕ್ಕೆ ಹಿಂದಂಚೆ ಎನ್ನುತ್ತೇವೆ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಮನ್ನಿಸಿ. ನಿಮ್ಮ ಮಾತನ್ನಂತೂ ನಾನು ಒಂದೂ ಕೇಳಿಲ್ಲ, ನಿಮ್ಮ ಗುನುಗನ್ನು ಮಾತ್ರ ಕೇಳಿದ್ದೇನೆ.

ನನ್ನ ಹೆಸರು ಗುರುಪಾದ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಇಡುವ ಗಾಜಿನ ಪೆಟ್ಟಿಗೆಗೆ ನಾವು ಗೂಡು ಎನ್ನುತ್ತೇವೆ. ಆ ಗೂಡುಗಳ ರಿಪೇರಿ ನನ್ನ ಕೆಲಸ. ನೂರನಲವತ್ತು ವರ್ಷಗಳ ಹಿಂದೆ ಇದೇ ಊರಿನ ಆಸ್ಪತ್ರೆಯೊಂದರಲ್ಲಿ ನೀವು ನಿಮ್ಮ ಕೂಸಿನ ಪೆಟ್ಟಿಗೆಯೊಳಗೆ ಕೈ ಇಟ್ಟು ನಲವತ್ತೊಂದು ನಿಮಿಷ ಗುನುಗಿದಿರಿ. ಯಾರೋ ಅದನ್ನು ರೆಕಾರ್ಡ್ ಮಾಡಿಕೊಂಡು, ಮೇಲೆ ನಿಮ್ಮ ಹೆಸರು ಬರೆದಿಟ್ಟರು. ಮುಂದೆ ದೊಡ್ಡ ಜ್ವರ ಬಂದು ತಂದೆತಾಯಿಗಳನ್ನು ಒಳಗೆ ಬಿಡುವುದು ನಿಂತಾಗ, ನಿಮ್ಮ ಗುನುಗನ್ನೇ ಎಲ್ಲ ಗೂಡುಗಳಲ್ಲಿ ಹಾಕಿದರು. ಜ್ವರ ಹೋಯಿತು, ಕಟ್ಟಳೆ ಹೋಗಲಿಲ್ಲ. ಎಂಬತ್ತು ವರ್ಷಗಳಿಂದ ನೀವೇ ಎಲ್ಲ ಕೂಸುಗಳ ತಾಯಿ. ನೀವು ಎದೆಯ ಮೇಲಿಟ್ಟು ಕೂಸಿನ ತಲೆಯ ಬಳಿ ಇಡುತ್ತಿದ್ದ ಬಟ್ಟೆಯ ತುಂಡೂ ರೆಕಾರ್ಡಿನ ಜೊತೆ ಸಿಕ್ಕಿತ್ತು. ಅದರ ವಾಸನೆಯನ್ನೂ ಹಾಗೇ ತಯಾರಿಸಿ ಗೂಡುಗಳೊಳಗೆ ಬಿಟ್ಟರು: ಹಾಲು, ಸೋಪು, ಬಾಣಂತಿ ಕೋಣೆಯ ಓಮದ ಹೊಗೆ.

ನಾನೂ ಗೂಡಿನವನೇ. ನಮ್ಮನ್ನು ಗುರುತಿಸುವುದು ಸುಲಭ. ಗುನುಗುತ್ತಾ ಗುನುಗುತ್ತಾ ನೀವು ಅಲ್ಲಲ್ಲಿ ನಿಲ್ಲಿಸುತ್ತೀರಿ. ನಾಲ್ಕು ಉಸಿರಿಗೆ ಒಮ್ಮೆ, ಆಮೇಲೆ ಏಳಕ್ಕೆ, ಆಮೇಲೆ ಎರಡಕ್ಕೇ. ನಾವೂ ಮಾತಾಡುವಾಗ ಅಲ್ಲಲ್ಲೇ ನಿಲ್ಲುತ್ತೇವೆ. ಶಾಲೆಯಲ್ಲಿ ಮಗ್ಗಿ ಹೇಳುವಾಗ ಅರ್ಧ ತರಗತಿ ಒಟ್ಟಿಗೆ ಬಾಯಿ ಮುಚ್ಚುತ್ತದೆ. ಗೂಡಿನವನ ಕೈಗೆ ಮೈಕು ಕೊಟ್ಟರೆ ಮದುವೆ ಊಟ ಆರಿಹೋಗುತ್ತದೆ ಎಂದು ಊರವರು ಆಡಿಕೊಳ್ಳುತ್ತಾರೆ. ಸಂತೆಯಲ್ಲಿ ಯಾರಾದರೂ ಓಮ ಹುರಿದರೆ ಗೂಡಿನ ಮುದುಕರು ಸಹ ಕಾರಣವಿಲ್ಲದೆ ಅಳುತ್ತಾರೆ. ಇನ್ನೊಂದಿದೆ. ನಿಮ್ಮ ರೆಕಾರ್ಡಿನ ಕೊನೆಗೆ ಒಂದು ಹೆಣ್ಣುದನಿ ಬರುತ್ತದೆ, ನರ್ಸ್ ಇರಬೇಕು: “ಸಾಕ್ರಿ ಅಕ್ಕಾರ. ಕೈ ತಗೀರಿ.” ಅಲ್ಲಿಗೆ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ಬಡಿಸುವವರು ಸಾಕಾ ಎಂದು ಕೇಳಿದರೆ ಸಾಕು, ಗೂಡಿನವರ ಕೈ ತಾನಾಗಿ ಎಲೆಯಿಂದ ಹಿಂದೆ ಸರಿಯುತ್ತದೆ. ಎಷ್ಟೋ ಸಲ ನಾನು ಅರೆಹೊಟ್ಟೆಯಲ್ಲಿ ಎದ್ದಿದ್ದೇನೆ.

ಇಷ್ಟು ದಿನ ಇದೆಲ್ಲ ತಮಾಷೆಯಾಗಿತ್ತು. ಹದಿನೆಂಟು ದಿನಗಳ ಹಿಂದೆ ನನ್ನ ಮಗಳು ಏಳನೇ ತಿಂಗಳಲ್ಲೇ ಹುಟ್ಟಿದಳು. ಉದ್ದ ಒಂದು ಮೊಳವೂ ಇಲ್ಲ, ತೂಕ ಒಂದು ಕಿಲೋ. ಹೆಂಡತಿ ಮುಕ್ತಾ ಇನ್ನೂ ಜ್ವರದಲ್ಲಿ ಮಲಗಿದ್ದಾಳೆ. ರಿಪೇರಿಯವನೆಂಬ ನೆಪದಲ್ಲಿ ನಾನು ದಿನಾ ಗಾಜಿನ ಹೊರಗೆ ನಿಂತು ನೋಡುತ್ತಿದ್ದೆ. ಮೊನ್ನೆ ಬೆಳಗ್ಗೆ ಅವಳ ಗೂಡಿನ ದನಿ ಕೆಟ್ಟಿತು. ಕೂಸು ಬೆದರಿತು, ಪರದೆಯ ಮೇಲೆ ಅವಳ ಎದೆಬಡಿತ ಏರುತ್ತಾ ಹೋಯಿತು. ದನಿಯ ಪೆಟ್ಟಿಗೆ ಬಿಚ್ಚಲು ಹೋದ ನನ್ನನ್ನು ಹಿರಿಯ ನರ್ಸ್ ರಹಮತ್‌ಬಿ ತಡೆದು, ಕೈ ತೊಳೆಸಿ, ಗೂಡಿನ ಕಿಂಡಿ ತೆರೆದರು. ಕಟ್ಟಳೆಗೆ ಬೆಂಕಿ ಬೀಳಲಿ ಎಂದು ಅವರೇ ಅಂದರು.

ಒಂದು ಕೈ ತಲೆಯ ಮೇಲೆ, ಒಂದು ಕೈ ಪಾದಗಳ ಕೆಳಗೆ, ಒತ್ತದೆ, ಸವರದೆ ಸುಮ್ಮನೆ ಇಟ್ಟೆ. ನನಗೆ ಗೊತ್ತಿದ್ದದ್ದು ನಿಮ್ಮ ಗುನುಗೊಂದೇ. ಅದನ್ನೇ ಗುನುಗಿದೆ. ಮೂರನೆಯ ಉಸಿರಿಗೆ ಮಗಳು ಐದೂ ಬೆರಳು ಅಗಲಿಸಿ ಮುಖ ತಿರುಗಿಸಿದಳು. ನೀವು ನಿಲ್ಲಿಸುವುದು ನಾಲ್ಕಕ್ಕಲ್ಲವೇ, ನಾನು ಮುಂದುವರಿಸಿದೆ. ಅವಳ ತುಟಿ ನೀಲಿಗಟ್ಟತೊಡಗಿತು. ರಹಮತ್‌ಬಿ ನನ್ನ ಹೆಗಲು ಹಿಡಿದರು.

“ಆಕಿನ್ನ ನೋಡು, ಗುರುಪಾದ. ಆಕಿ ಬ್ಯಾಡ ಅನ್ನಾಕತ್ತಾಳ.”

ನಿಲ್ಲಿಸಿದೆ. ಕೈ ಮಾತ್ರ ಅಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಬೆರಳು ಮಡಚಿಕೊಂಡವು, ಬಣ್ಣ ಮರಳಿತು, ಅವಳು ಮುಖವನ್ನು ನನ್ನ ಕಡೆಗೇ ತಿರುಗಿಸಿದಳು. ಆಗ ಮತ್ತೆ ಮೆಲ್ಲಗೆ ಶುರುಮಾಡಿದೆ.

ದಾಕ್ಷಾಯಣಿ ಅವರೇ, ನೀವು ಎಣಿಸಿ ನಿಲ್ಲಿಸುತ್ತಿರಲಿಲ್ಲ. ನಿಮ್ಮ ಕೂಸು ಬೆರಳು ಅಗಲಿಸಿದಾಗ ನಿಲ್ಲಿಸುತ್ತಿದ್ದಿರಿ. ಎಂಬತ್ತು ವರ್ಷಗಳಿಂದ ನಾವು ಬಾಯಿಪಾಠ ಮಾಡಿದ್ದು ಇಬ್ಬರ ಮಾತುಕತೆಯಲ್ಲಿ ಒಬ್ಬರದನ್ನು ಮಾತ್ರ. ನನ್ನ ಮಾತಿನ ನಡುವೆ ಬರುವ ಪ್ರತಿ ಮೌನದಲ್ಲೂ ನಿಮ್ಮ ಕೂಸಿನ ಕೈ ಇದೆ. ಇದು ತಿಳಿದ ಮೇಲೆ ನನಗೆ ಮಾತಾಡಲು ಭಯವಾಗುತ್ತದೆ.

ಇನ್ನೂ ದೊಡ್ಡ ಭಯ ಬೇರೆ. ಕೊನೆಗೆ ನರ್ಸ್ ಯಾಕೆ ಸಾಕು ಅಂದಳು? ನೋಡುವ ಹೊತ್ತು ಮುಗಿದಿತ್ತೇ? ಕೂಸು ನಿದ್ದೆ ಹೋಗಿತ್ತೇ? ಸಾವಿರ ಸಲ ಕೇಳಿದ ಆ ಮಾತನ್ನು ನಿನ್ನೆ ತಂದೆಯಾಗಿ ಕೇಳಿದೆ. ಆಕೆಯ ದನಿ ಬಹಳ ಮೆತ್ತಗಿದೆ. ಅಷ್ಟು ಮೆತ್ತಗೆ ಯಾಕೆ ಹೇಳಿದಳು?

ಹಿಂದಂಚೆ ಯಾರನ್ನೂ ಮುಟ್ಟಿದ್ದಿಲ್ಲ, ಗೊತ್ತು. ಆದರೂ ಆ ರೆಕಾರ್ಡಿನ ದಿನಕ್ಕಿಂತ ಮೊದಲು ಇದು ನಿಮ್ಮ ಕೈಸೇರಿದರೆ ಒಂದು ಉಪಕಾರ ಮಾಡಿ. ರೆಕಾರ್ಡ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಬೇಡಿ ಎಂದು ಅವರಿಗೆ ಹೇಳಿ. ನಿಮ್ಮ ಕೂಸು ಒಂದು ಸಲ ಕೆಮ್ಮಿದ ಸದ್ದು ಕೇಳಿದರೂ ನಮಗೆಲ್ಲ ಸಮಾಧಾನ.

ನಾಳೆ ಬೆಳಗ್ಗೆ ರಹಮತ್‌ಬಿ ಮತ್ತೆ ಕಿಂಡಿ ತೆರೆಯುತ್ತಾರೆ. ಮಗಳ ಗೂಡಿನ ದನಿಯನ್ನು ನಾನಿನ್ನೂ ರಿಪೇರಿ ಮಾಡಿಲ್ಲ, ಮಾಡುವುದೂ ಇಲ್ಲ. ಯಾವಾಗ ನಿಲ್ಲಿಸಬೇಕೆಂದು ಅವಳೇ ಹೇಳುತ್ತಾಳೆ. ಬೇರೆ ಯಾರಾದರೂ ಸಾಕು ಎಂದರೆ ನನ್ನ ಕೈ ಹಿಂದೆ ಸರಿಯಬಾರದು. ಅದೊಂದನ್ನು ಈಗ ಅಭ್ಯಾಸ ಮಾಡುತ್ತಿದ್ದೇನೆ.

ನಿಮ್ಮ ದನಿಯಲ್ಲಿ ಬೆಳೆದ,
ಗುರುಪಾದ